ಮಾವನ ವರ್ನಿಯರ್ ಮತ್ತು ನನ್ನ ನೋ ಡಿಸ್‌ಪ್ಲೇ

ಭೌತಶಾಸ್ತ್ರದ ಮೇಷ್ಟ್ರ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಮೆಕ್ಯಾನಿಕ್ಕನ್ನು ಕರೆಯುವ ಹಾಗಿಲ್ಲ. ಬೀದಿಯವರು ನೋಡುತ್ತಾರೆ. ‘ಪಿಯು ಹುಡುಗರಿಗೆ ಕರೆಂಟಿನ ಪಾಠ ಹೇಳೋ ಮನುಷ್ಯ, ಮಿಕ್ಸಿಗೆ ಆಳು ಕರೆಸ್ಯಾರೆ ನೋಡ್ರಿ’ ಅನ್ನುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಕೆಟ್ಟ ಸಾಮಾನು ಮೊದಲು ನನ್ನ ಕೈಗೆ ಬರುತ್ತದೆ. ನಾನು ಅದನ್ನು ಇನ್ನಷ್ಟು ಕೆಡಿಸುತ್ತೇನೆ. ಕತ್ತಲಾದ ಮೇಲೆ ಅದು ಬಟ್ಟೆಚೀಲದಲ್ಲಿ ಕೂತು ಅಶೋಕ ರಸ್ತೆಯ ಕಡೆ ಹೋಗುತ್ತದೆ. ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಮರ್ಯಾದೆ ಇಷ್ಟು ವರ್ಷ ಉಳಿದದ್ದು ಆ ಬಟ್ಟೆಚೀಲದಿಂದ. ಕಂಪ್ಯೂಟರಿನ ಕ್ಯಾಬಿನೆಟ್ ಮಾತ್ರ ಅದರೊಳಗೆ ಹಿಡಿಯಲಿಲ್ಲ.

ಎಂಜಿನಿಯರಿಂಗ್ ಸೇರಿದ ಮಗಳಿಗೆ ತ್ರೀಡಿ ಡ್ರಾಯಿಂಗ್ ಮಾಡಲು ಕಂಪ್ಯೂಟರ್ ಬೇಕಾಗಿತ್ತು. ಅಂಗಡಿಯವರು ಜೋಡಿಸಿ ಕೊಡಲು ಹೇಳಿದ ಬೆಲೆಯನ್ನೂ ಅದೇ ಪಾರ್ಟುಗಳ ಬಿಡಿ ಬೆಲೆಯನ್ನೂ ಪಕ್ಕಪಕ್ಕ ಬರೆದು ಕಳೆದು ನೋಡಿದೆ. ಆರು ಸಾವಿರ ಚಿಲ್ಲರೆ ಉಳಿಯಿತು. “ಸ್ಕ್ರೂ ತಿರುಗಿಸೋದಕ್ಕೆ ಆರು ಸಾವಿರ ಯಾರು ಕೊಡ್ತಾರೆ? ನಾನೇ ಅಸೆಂಬಲ್ ಮಾಡ್ತೀನಿ” ಎಂದು ಊಟದ ಹೊತ್ತಿಗೆ ಘೋಷಿಸಿದೆ. ಹೆಂಡತಿ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದರೆ ನಾನು ಅಲ್ಲಿಗೇ ನಿಲ್ಲಿಸಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ನಿಲ್ಲಿಸುವ ಅಭ್ಯಾಸ ಇನ್ನೂ ಆಗಿಲ್ಲ.

ಪರೀಕ್ಷೆ ಪತ್ರಿಕೆ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದವನು ಒಂದು ಸಂಜೆ ಎಸ್.ಪಿ. ರಸ್ತೆಗೆ ಹೋದೆ. ಸಾದರ ಪತ್ರಪ್ಪನವರ ಹೆಸರಿನ ಆ ಇಕ್ಕಟ್ಟಾದ ರಸ್ತೆಯಲ್ಲಿ ಟ್ರಾನ್ಸಿಸ್ಟರಿನಿಂದ ಹಿಡಿದು ಸರ್ವರ್‌ವರೆಗೆ ಎಲ್ಲವೂ ಸಿಗುತ್ತದೆ, ನಿಲ್ಲಲು ಜಾಗ ಮಾತ್ರ ಸಿಗುವುದಿಲ್ಲ. ಅಂಗಡಿಯ ಹುಡುಗ ನನ್ನ ಪಟ್ಟಿ ನೋಡಿ, “ಸಾರ್, ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ ನಿಮ್ಮತ್ರ, ಹಾಗಾದ್ರೆ ಎಫ್ ತಗೊಳ್ಳಿ, ಕಮ್ಮಿ ಆಗುತ್ತೆ” ಅಂದ. ಆ ವಾಕ್ಯದಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಎರಡು ಪದ. ಐ5 12400 ಎಂಬ ಹೆಸರಿನ ಬಾಲಕ್ಕೆ ಎಫ್ ಸೇರಿಕೊಂಡಿತು. ಫಾಸ್ಟ್ ಇರಬೇಕು ಅಂದುಕೊಂಡೆ. ಗ್ರಾಫಿಕ್ಸ್ ಕಾರ್ಡು ಸೋದರಳಿಯನದು, ಅವನು ಆಡಿ ಬಿಟ್ಟ ಜಿಟಿಎಕ್ಸ್ 1650. ಎಲ್ಲವನ್ನೂ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅರಸೀಕೆರೆಯಲ್ಲಿ ಹತ್ತಿದ ಒಬ್ಬರು “ಸ್ವೀಟಾ?” ಎಂದು ಕೇಳಿದರು.

ಭಾನುವಾರ ಮಧ್ಯಾಹ್ನ ಬೆಣ್ಣೆದೋಸೆ ತಿಂದು ಬಂದು ಕೆಲಸಕ್ಕೆ ಕೂತೆ. ದಾವಣಗೆರೆಯ ಬೆಣ್ಣೆದೋಸೆ ತಿಂದವನ ಬೆರಳುಗಳ ಸ್ಥಿತಿಯನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಿಲ್ಲ. ಕೈಯನ್ನು ಪೇಪರಿಗೆ ಒರೆಸಿದ್ದೆ, ಅಷ್ಟು ಸಾಕೆನಿಸಿತ್ತು.

ಪ್ರೊಸೆಸರ್ ಕೂರಿಸುವುದು ಎದೆ ಗಟ್ಟಿ ಇದ್ದವರ ಕೆಲಸ. ಈ ತಲೆಮಾರಿನ ಇಂಟೆಲ್ ಸಾಕೆಟ್ಟಿನಲ್ಲಿ 1700 ಸಣ್ಣ ಮುಳ್ಳುಗಳಿವೆ, ಒಂದು ಬಾಗಿದರೂ ಬೋರ್ಡಿನ ಕಥೆ ಮುಗಿದ ಹಾಗೆ. ಹಾಗಂತ ಹಗುರವಾಗಿ ಒತ್ತಿದರೆ ಅದರ ಸರಳು ಕೆಳಗಿಳಿಯುವುದಿಲ್ಲ. ಗಟ್ಟಿಯಾಗಿ ಒತ್ತಬೇಕು. ಒತ್ತಿದಾಗ ಒಳಗಿಂದ ಗರಗರ ಎಂಬ ಸದ್ದು ಬರುತ್ತದೆ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪೆಂದು ಹಾರಿ ಮಂಚದ ಕೆಳಗೆ ಹೋಗುತ್ತದೆ. ಇದೆಲ್ಲ ಹೀಗೇ ಆಗಬೇಕು ಎಂದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ಮಾತ್ರ ಹದಿನಾಲ್ಕು ಸಾವಿರ ರೂಪಾಯಿ ಗರಗರ ಅಂದಂತೆ ಕೇಳಿ, ನಾನು ಕಣ್ಣು ಮುಚ್ಚಿ ಕೂತಿದ್ದೆ. ಮಗಳು “ಅಪ್ಪಾಜಿ, ಉಸಿರಾಡಿ” ಅಂದಳು.

ಮುಂದೆ ಕೂಲರ್ ತೆಗೆದೆ. ಅದರ ಅಡಿಗೆ ಬೂದು ಬಣ್ಣದ ಕೊಳೆ ಮೆತ್ತಿತ್ತು. ಹೊಸ ಸಾಮಾನಿಗೆ ಇಷ್ಟು ಕೊಳೆಯೇ ಎಂದು ಬೈದುಕೊಂಡು, ಹಳೇ ಬನಿಯನ್ನಿನಲ್ಲಿ ಹೊಳೆಯುವ ಹಾಗೆ ಒರೆಸಿದೆ. ಒರೆಸಿ ಮುಗಿದ ಮೇಲೆ ಮಗಳು ಡಬ್ಬಿಯ ಮೇಲೆ ಬರೆದದ್ದನ್ನು ಓದಿದಳು: ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ವಸ್ತು ಅದು. ಎರಡು ಲೋಹದ ತಟ್ಟೆ ಎಷ್ಟೇ ನಯವಾಗಿದ್ದರೂ ನಡುವೆ ಗಾಳಿ ಉಳಿಯುತ್ತದೆ, ಗಾಳಿ ಉಷ್ಣದ ಕೆಟ್ಟ ವಾಹಕ. ಇದನ್ನು ನಾನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುತ್ತೇನೆ, ಅಂಡರ್‌ಲೈನ್ ಹಾಕಿ. ಪೇಟೆಗೆ ಹೋಗಿ ಬೇರೆ ಟ್ಯೂಬು ತಂದದ್ದಾಯಿತು. ಉಳಿತಾಯದ ಆರು ಸಾವಿರದಿಂದ ಮೊದಲ ಕಡಿತ.

ರ‍್ಯಾಮ್ ಒತ್ತಿದೆ, ಟಕ್ಕೆಂದಿತು. ಗ್ರಾಫಿಕ್ಸ್ ಕಾರ್ಡ್ ಒತ್ತಿದೆ. ಎಸ್‌ಎಂಪಿಎಸ್ಸಿನಿಂದ ಬಂದ ಇಪ್ಪತ್ನಾಲ್ಕು ಪಿನ್ನಿನ ದೊಡ್ಡ ಕೇಬಲ್, ಪ್ರೊಸೆಸರಿನ ಪಕ್ಕದ ಎಂಟು ಪಿನ್ನಿನ ಚಿಕ್ಕ ಕೇಬಲ್, ಎರಡನ್ನೂ ಹಾಕಿದೆ. ಹಿಂದೆ ಕಂಡ ಮೊದಲ ಎಚ್‌ಡಿಎಂಐ ತೂತಿಗೆ ಮಾನಿಟರಿನ ತಂತಿ ಸಿಕ್ಕಿಸಿದೆ. ಮನೆಯವರನ್ನೆಲ್ಲ ಕರೆದೆ. ಸ್ವಿಚ್ ಒತ್ತಿದೆ.

ಫ್ಯಾನುಗಳು ತಿರುಗಿದವು. ಕೆಂಪು, ಹಸಿರು, ನೀಲಿ ದೀಪಗಳು ಗಾಜಿನ ಬದಿಯಿಂದ ಹೊರಗೆ ಹರಿದು ಗೋಡೆಯ ಮೇಲೆಲ್ಲ ಓಡಾಡಿದವು. ಪಕ್ಕದ ಮನೆಯ ಹುಡುಗ ಓಡಿ ಬಂದು, “ಅಂಕಲ್, ಇದು ಗಣಪತಿ ಮಂಟಪಕ್ಕಾ?” ಅಂದ. ಪರದೆ ಮಾತ್ರ ಕಪ್ಪು. ಸ್ವಲ್ಪ ಹೊತ್ತು ಕಪ್ಪಾಗಿದ್ದು, ‘ನೋ ಸಿಗ್ನಲ್’ ಎಂದು ಬರೆದ ಡಬ್ಬಿಯೊಂದನ್ನು ಮೂಲೆಯಿಂದ ಮೂಲೆಗೆ ತೇಲಿಬಿಟ್ಟು, ಮತ್ತೆ ಕಪ್ಪಾಯಿತು.

ಈ ರೋಗಕ್ಕೆ ಅಂಗಡಿಯವರ ಭಾಷೆಯಲ್ಲಿ ‘ನೋ ಡಿಸ್‌ಪ್ಲೇ’ ಎಂದು ಹೆಸರು. ಪೂರ್ತಿ ಸತ್ತ ಕಂಪ್ಯೂಟರಿಗೆ ಮದ್ದು ಸುಲಭ, ಕರೆಂಟು ಎಲ್ಲಿ ನಿಂತಿದೆ ಎಂದು ಹುಡುಕಿದರಾಯಿತು. ಎಲ್ಲ ತಿರುಗುತ್ತಿದ್ದು, ಎಲ್ಲ ಹೊಳೆಯುತ್ತಿದ್ದು, ಏನೂ ಕಾಣದಿದ್ದರೆ ಮನುಷ್ಯನಿಗೆ ಆಸೆ ಬಿಡುವುದಿಲ್ಲ. ಇನ್ನೊಂದು ಸಲ ಆನ್ ಮಾಡಿ ನೋಡುತ್ತಾನೆ. ಆಫ್ ಮಾಡಿ ನೋಡುತ್ತಾನೆ. ಮಾನಿಟರಿನ ಬೆನ್ನು ತಟ್ಟಿ ನೋಡುತ್ತಾನೆ. ಟ್ಯೂಷನ್ನಿಗೆ ಬಂದ ಹುಡುಗಿಯೊಬ್ಬಳು ಸುಮ್ಮನೆ ನಿಂತು ನೋಡಿ, “ಸರ್, ಫ್ಯಾನು ಎಸ್‌ಎಂಪಿಎಸ್ಸಿನ ಹನ್ನೆರಡು ವೋಲ್ಟಿನ ಮೇಲೆ ನಡೆಯುತ್ತಲ್ವಾ? ಅದು ತಿರುಗಿದ ಮಾತ್ರಕ್ಕೆ ಪ್ರೊಸೆಸರ್ ಕೆಲಸ ಮಾಡ್ತಿದೆ ಅಂತ ಹೇಳಕ್ಕಾಗುತ್ತಾ?” ಎಂದಳು. ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು. “ಇದು ಸಿಲಬಸ್ಸಿನಲ್ಲಿ ಇಲ್ಲ” ಅಂದೆ.

ಸುದ್ದಿ ಬೀದಿಗೆ ಹೋಯಿತು. ನಮ್ಮ ಊರಲ್ಲಿ ಮಳೆ ಕೈಕೊಡಬಹುದು, ಭದ್ರಾ ನಾಲೆಯ ನೀರು ತಡವಾಗಬಹುದು, ಸಲಹೆಗೆ ಎಂದೂ ಬರ ಬಂದಿಲ್ಲ. ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಕ್ಯಾಬಿನೆಟ್ಟಿನ ಕಡೆ ನೋಡಲೇ ಇಲ್ಲ. “ಎಷ್ಟೊತ್ತಿಗೆ ಆನ್ ಮಾಡಿದ್ರಿ?” ಎಂದರು. ಸಂಜೆ ಐದು ಅಂದೆ. “ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಅಲ್ಲೇನ್ರಿ! ಮೇಷ್ಟ್ರಾಗಿ…” ಎಂದು ಮಾತನ್ನು ಅರ್ಧಕ್ಕೆ ಬಿಟ್ಟರು. ಉಳಿದರ್ಧ ನನಗೆ ಕೇಳಿಸಿತು.

ಝೆರಾಕ್ಸ್ ಅಂಗಡಿಯ ಹುಡುಗ ಬಂದು, “ಸಾರ್, ರ‍್ಯಾಮ್ ತೆಗೆದು ರಬ್ಬರಿನಾಗೆ ಉಜ್ಜಿ ಹಾಕ್ರಿ, ನೂರಕ್ಕೆ ತೊಂಬತ್ತು ಕೇಸು ಅದೇ” ಅಂದ. ತೆಗೆದು ನೋಡಿದರೆ ಅದರ ಚಿನ್ನದ ಹಲ್ಲುಗಳ ಮೇಲೆ ನನ್ನ ಹೆಬ್ಬೆರಳಿನ ಗುರುತು, ಪೊಲೀಸರಿಗೆ ಕೊಡಬಹುದಾದಷ್ಟು ಸ್ಪಷ್ಟವಾಗಿ, ಬೆಣ್ಣೆಯಲ್ಲಿ. ಹುಡುಗ ಮೂಸಿ ನೋಡಿ, ಹೋಟೆಲಿನ ಹೆಸರು ಹೇಳಿದ. ಮಗಳ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿದೆ. ಕಪ್ಪು.

ನಮ್ಮ ಕಾಲೇಜಿನ ಕೆಮಿಸ್ಟ್ರಿಯವರು ಬೋರ್ಡಿನ ಮೇಲಿನ ಗುಂಡಿಸೆಲ್ ತೆಗೆಯಲು ಹೇಳಿದರು. ಸಿಆರ್2032 ಎಂಬ ಮೂರು ವೋಲ್ಟಿನ ಆ ಸೆಲ್ ಬೋರ್ಡಿನ ಸೆಟ್ಟಿಂಗುಗಳನ್ನೂ ಗಡಿಯಾರವನ್ನೂ ನೆನಪಿಟ್ಟಿರುತ್ತದೆ. ಸ್ವಲ್ಪ ಹೊತ್ತು ತೆಗೆದಿಟ್ಟರೆ ಬೋರ್ಡು ಎಲ್ಲ ಮರೆತು ಹೊಸದಾಗಿ ಶುರು ಮಾಡುತ್ತದೆ. ತೆಗೆದೆ. ಸೆಲ್ ಚಿಮ್ಮಿ ಎಲ್ಲೋ ಹೋಯಿತು. ಬಚ್ಚಲಮನೆ ಹತ್ತಿರ ಇಟ್ಟಿದ್ದ ತೂಕದ ಯಂತ್ರದಲ್ಲಿ ಅದೇ ನಮೂನೆಯದು ಇದೆಯೆಂದು ನೆನಪಾಗಿ ಅದನ್ನು ಕಿತ್ತು ಇಲ್ಲಿ ಹಾಕಿದೆ. ಕಂಪ್ಯೂಟರ್ ಕಪ್ಪು, ಈಗ ತೂಕದ ಯಂತ್ರವೂ ನೋ ಡಿಸ್‌ಪ್ಲೇ. ಮನೆಯಲ್ಲಿ ಯಾರೂ ಅದಕ್ಕಾಗಿ ದುಃಖಿಸಲಿಲ್ಲ ಎಂಬುದನ್ನು ದಾಖಲಿಸಬೇಕು.

ಬೆಂಗಳೂರಿನಿಂದ ಸೋದರಳಿಯ ಫೋನಿನಲ್ಲಿ, “ಮಾಮ, ಎಚ್‌ಡಿಎಂಐ ಕಾರ್ಡಿಗೆ ಹಾಕಿದ್ದೀರಾ, ಬೋರ್ಡಿಗೆ ಹಾಕಿದ್ದೀರಾ?” ಎಂದು ಕೇಳಿದ. ಅವನ ಮಾತಿನಂತೆ ತಂತಿಯನ್ನು ಬೋರ್ಡಿನಿಂದ ಕಿತ್ತು ಕೆಳಗಿನ ಕಾರ್ಡಿಗೆ ಹಾಕಿದೆ. ಕಪ್ಪು. “ನಿನ್ನ ಹಳೇ ಕಾರ್ಡೇ ಸುಟ್ಟಿದೆ” ಎಂದು ಅವನ ಮೇಲೆ ರೇಗಿ, ತಂತಿಯನ್ನು ವಾಪಸ್ ಬೋರ್ಡಿಗೇ ಹಾಕಿದೆ.

ಸಲಹೆಗಾರರನ್ನು ಸಂಜೆ ಹೊತ್ತು ಬರಿಗೈಯಲ್ಲಿ ಕಳಿಸುವ ಪದ್ಧತಿ ಈ ಊರಲ್ಲಿ ಇಲ್ಲ. ಖಾರ ಮಂಡಕ್ಕಿ, ಮಿರ್ಚಿ, ಮೇಲೆ ಚಹಾ. ಹೆಂಡತಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆಯತೊಡಗಿದಳು. ಮೇಲ್ಗಡೆ ‘ಆರು ಸಾವಿರ ಉಳಿತಾಯ’ ಎಂಬ ಶೀರ್ಷಿಕೆ. ನಿವೃತ್ತ ಅಧಿಕಾರಿಗಳು ತಿಂದ ಮಿರ್ಚಿಯ ಸಂಖ್ಯೆಯನ್ನು ಅವಳು ಬಹಿರಂಗಪಡಿಸಬಾರದು ಎಂದು ಕೇಳಿಕೊಂಡಿದ್ದೇನೆ. ಮದರ್‌ಬೋರ್ಡಿನ ಸಂದಿಯಲ್ಲಿ ಒಂದು ಮಂಡಕ್ಕಿ ಸಿಕ್ಕಿದ ದಿನ ಅವಳು ಮೊದಲ ಸಲ ಬಾಯಿ ಬಿಟ್ಟಳು: “ರೀ, ಹರಿಹರಕ್ಕೆ ತಗೊಂಡ್ಹೋಗ್ರಿ. ಅಪ್ಪಾಜಿ ನೋಡ್ತಾರೆ.”

ಅವಳ ಅಪ್ಪಾಜಿ, ಅಂದರೆ ನಮ್ಮ ಮಾವ, ಕಂಪ್ಯೂಟರ್ ಮುಟ್ಟಿದವರಲ್ಲ. ಅವರು ಮುಟ್ಟಿದ್ದು ಲೇತುಗಳನ್ನು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತು ಮಾಡಿ ಕಳಿಸುತ್ತಿದ್ದ ಕಾಲದಲ್ಲಿ ಅವರು ಅಲ್ಲಿ ಫಿಟರ್ ಆಗಿದ್ದರು. ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕ ದಾಟಿದೆ. ಅವರಿಗೆ ಅಲ್ಲಿಂದ ಉಳಿದದ್ದು ಒಂದು ಮರದ ಪೆಟ್ಟಿಗೆ ಸಾಮಾನು, ಮತ್ತು ಯಾವ ಮಿಷನ್ನನ್ನಾದರೂ ಮೊದಲು ಸುಮ್ಮನೆ ನೋಡುತ್ತ ಕೂರುವ ಚಾಳಿ. ಅಳಿಯನನ್ನೂ ಅವರು ಹಾಗೇ ನೋಡುತ್ತಾರೆ. ಅದಕ್ಕೇ ನಾನು ಹರಿಹರಕ್ಕೆ ಹೋಗುವುದು ಹಬ್ಬಕ್ಕೆ ಮಾತ್ರ.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಪಿ.ಬಿ. ರಸ್ತೆಯಲ್ಲಿ ಬಸ್ಸು ಹತ್ತಿ, ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತೆ. ಮಗಳು ಪಕ್ಕದಲ್ಲಿ. ಕಂಡಕ್ಟರ್ ಬಂದು, “ಇದಕ್ಕೆ ಲಗೇಜಾಗುತ್ತೆ, ಏನಿದು?” ಎಂದ. “ಕಂಪ್ಯೂಟರ್.” “ನಡೆಯುತ್ತಾ?” “ಫ್ಯಾನ್ ತಿರುಗುತ್ತೆ.” ಅವನು ಸ್ವಲ್ಪ ಯೋಚಿಸಿ, “ಹಂಗಾರೆ ಟೇಬಲ್ ಫ್ಯಾನ್ ರೇಟು ಹಾಕ್ತೀನಿ” ಅಂದ. ಬಸ್ಸಿನಲ್ಲಿ ನಗದೆ ಇದ್ದವನು ನಾನೊಬ್ಬನೇ. ಮಗಳೂ ನಕ್ಕಳು.

ಮಾವನ ಮನೆ ಹರಿಹರೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಪಡಸಾಲೆಯಲ್ಲಿ ಕ್ಯಾಬಿನೆಟ್ ಬಿಚ್ಚಿಟ್ಟು, ಅವರ ಟಿವಿಗೇ ತಂತಿ ಹಾಕಿ ಆನ್ ಮಾಡಿ ತೋರಿಸಿದೆ. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿನ ಚೌಕಟ್ಟಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರು. ಕಾರ್ಖಾನೆಯವರು ಬೇರಿಂಗ್ ಪರೀಕ್ಷೆ ಮಾಡುವುದು ಹಾಗೆ.

“ಬೇರಿಂಗ್ ಚಲೋ ಐತೆ” ಅಂದರು.

“ಮಾವ, ಪರದೆ ಬರ್ತಿಲ್ಲ.”

“ಗೊತ್ತಾತು. ಚಲೋ ಇರೋದು ಯಾವುದು ಅಂತ ಮೊದ್ಲು ಬರ್ಕಬೇಕು, ಅಳಿಯಂದ್ರೆ. ಕೆಟ್ಟಿದ್ದು ಆಮೇಲೆ ತಾನೇ ಉಳಿತದೆ.” ಹಳೇ ಡೈರಿಯೊಂದನ್ನು ತೆಗೆದು ಎರಡು ಅಂಕಣ ಎಳೆದರು: ಏನು ಮಾಡಿದ್ದು, ಏನಾತು. ಆಮೇಲೆ, “ಇದುವರೆಗೂ ಏನೇನು ಬದಲಾಯಿಸೀರಿ, ಹೇಳ್ರಿ” ಅಂದರು. ಹೇಳಿದೆ. ರಬ್ಬರು, ಸೆಲ್ಲು, ತಂತಿ ಆಕಡೆ, ತಂತಿ ಈಕಡೆ, ಮಂಡಕ್ಕಿ. ಯಾವುದು ಮೊದಲು, ಯಾವುದು ಆಮೇಲೆ, ಯಾವ ಹೊತ್ತಿನಲ್ಲಿ ಯಾವುದು ಹೇಗಿತ್ತು ಎಂದು ಕೇಳಿದರೆ ನನಗೆ ತಿಳಿಯದು. ಪ್ರಾಕ್ಟಿಕಲ್ ರೆಕಾರ್ಡ್ ಸರಿಯಾಗಿ ಬರೆಯದ ಹುಡುಗರಿಗೆ ನಾನು ಅಂಕ ಕಡಿಯುತ್ತೇನೆ. ಮಗಳು ಗೋಡೆಯ ಕಡೆ ತಿರುಗಿ ನಿಂತಳು.

“ಎಲ್ಲಾ ಬಿಚ್ಚಿಡ್ರಿ. ಬೋರ್ಡು, ಅದರ ತಲೆ, ಆ ಪಟ್ಟಿ, ಇಷ್ಟೇ ಇರಲಿ.” ತಲೆ ಎಂದರೆ ಪ್ರೊಸೆಸರ್, ಪಟ್ಟಿ ಎಂದರೆ ರ‍್ಯಾಮ್. ಗ್ರಾಫಿಕ್ಸ್ ಕಾರ್ಡನ್ನೂ ತೆಗೆದಿಡಲು ಹೇಳಿದರು. ಬೋರ್ಡಿನಲ್ಲೇ ಎಚ್‌ಡಿಎಂಐ ತೂತು ಇದೆಯಲ್ಲ, ಕಾರ್ಡು ಯಾಕೆ ಎಂದು ನಾನೂ ತಲೆ ಆಡಿಸಿದೆ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿದೆವು. ಮಾವ ಕನ್ನಡಕ ಏರಿಸಿ ಬಗ್ಗಿ, ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ತಂದು ಬಹಳ ಹೊತ್ತು ನೋಡಿದರು. ಎದ್ದು ಒಳಗೆ ಹೋದರು. ಮರದ ಪೆಟ್ಟಿಗೆಯಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ವರ್ನಿಯರ್ ತಂದರು.

ವರ್ನಿಯರ್ ಕ್ಯಾಲಿಪರ್ಸ್ ನನ್ನ ಆಯುಧ. ಪ್ರಥಮ ಪಿಯುಸಿಯ ಪ್ರಾಕ್ಟಿಕಲ್ ಶುರುವಾಗುವುದೇ ಅದರಿಂದ. ಲೀಸ್ಟ್ ಕೌಂಟ್, ಝೀರೋ ಎರರ್, ಸಿಲಿಂಡರಿನ ವ್ಯಾಸ, ಎಲ್ಲವನ್ನೂ ನಿದ್ದೆಯಲ್ಲೂ ಹೇಳಬಲ್ಲೆ. ಲ್ಯಾಬಿನ ಅದೇ ಸಿಲಿಂಡರನ್ನು ಬಿಟ್ಟು ಜಗತ್ತಿನ ಬೇರೆ ಯಾವ ವಸ್ತುವನ್ನೂ ಅದರಿಂದ ಅಳೆದ ನೆನಪಿಲ್ಲ. ಮಾವ ವರ್ನಿಯರಿನ ಹಿಂಬದಿಯ ಸಣ್ಣ ಕಡ್ಡಿಯನ್ನು ರ‍್ಯಾಮಿನ ಒಂದು ತುದಿಯ ಮೇಲಂಚಿನಿಂದ ಬೋರ್ಡಿಗೆ ಇಳಿಸಿ ಓದಿದರು. ಇನ್ನೊಂದು ತುದಿಯಲ್ಲೂ ಓದಿದರು. ಡೈರಿಯಲ್ಲಿ ಎರಡನ್ನೂ ಬರೆದು ನನ್ನ ಮುಂದೆ ಹಿಡಿದರು.

“ಈ ಕಡೆ ಒಂದು ಎಂಎಂ ಎತ್ತರ ಐತೆ. ಸೊಟ್ಟ ಕುಂತೈತೆ.”

ಈಗಿನ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ರ‍್ಯಾಮ್ ಸ್ಲಾಟಿಗೆ ಒಂದೇ ಕಡೆ ಚಿಲಕ ಇರುತ್ತದೆ. ಇನ್ನೊಂದು ಕಡೆ ಬರೀ ಗೂಟ. ಗೂಟದ ಕಡೆಯನ್ನು ಮೊದಲು ಪೂರ್ತಿ ಇಳಿಸಿ ಆಮೇಲೆ ಚಿಲಕದ ಕಡೆ ಒತ್ತಬೇಕು. ಚಿಲಕದ ಕಡೆಯನ್ನಷ್ಟೇ ಒತ್ತಿದರೂ ಟಕ್ ಎನ್ನುವ ಸದ್ದು ಬರುತ್ತದೆ, ಕೇಳಿದವನು ಸಂತೋಷಪಡುತ್ತಾನೆ. ಡಿಡಿಆರ್4 ಪಟ್ಟಿಯಲ್ಲಿ 288 ಸಂಪರ್ಕ ಬಿಂದುಗಳಿವೆ. ಅವುಗಳಲ್ಲಿ ಎಷ್ಟು ಗಾಳಿಯಲ್ಲಿದ್ದವೋ, ದೇವರಿಗೇ ಗೊತ್ತು. ಮಾವ ಎರಡೂ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದರು. ಮತ್ತೆ ಅಳೆದರು. ಎರಡು ಕಡೆಯೂ ಒಂದೇ ಅಳತೆ. ಆನ್ ಮಾಡಿದೆವು.

ಟಿವಿ ಕಪ್ಪು.

ನನ್ನ ಕೈ ಅಭ್ಯಾಸಬಲದಿಂದ ರ‍್ಯಾಮ್ ಕೀಳಲು ಹೋಯಿತು. ಮಾವ ಕೈ ಹಿಡಿದುಕೊಂಡರು. “ಅದನ್ನ ಮುಟ್ಟಬ್ಯಾಡ್ರಿ. ಸೊಟ್ಟ ಇದ್ದದ್ದು ನೆಟ್ಟಗಾಗೈತೆ. ಟಿವಿ ಬರಲಿಲ್ಲ ಅಂತ ಮತ್ತೆ ಸೊಟ್ಟ ಮಾಡ್ತೀರೇನು?”

ಇಡೀ ಪ್ರಕರಣದಲ್ಲಿ ನನಗೆ ತಟ್ಟಿದ ಮಾತು ಇದೊಂದು. ದಾವಣಗೆರೆಯಲ್ಲಿ ಇಷ್ಟು ದಿನ ನಾನು ಮಾಡಿದ್ದು ಅದನ್ನೇ. ಒಂದನ್ನು ಸರಿ ಮಾಡುವುದು, ಪರದೆ ಬರಲಿಲ್ಲವೆಂದು ಆ ಸರಿಯನ್ನು ಕಿತ್ತು ಹಾಕುವುದು, ಇನ್ನೊಂದಕ್ಕೆ ಕೈ ಹಾಕುವುದು. ಓಣಿಯ ತುದಿಯ ದೇವಸ್ಥಾನದ ಕಥೆಯೂ ಇದೇ ಅಲ್ಲವೇ. ಗುಹಾಸುರ ಬ್ರಹ್ಮನಿಂದ ವರ ಪಡೆದದ್ದು ಹರಿಯಿಂದಲೂ ಸಾಯಬಾರದು, ಹರನಿಂದಲೂ ಸಾಯಬಾರದು ಎಂದು. ಒಬ್ಬೊಬ್ಬರೇ ಹೋಗಿ ಆಗದ ಕೆಲಸಕ್ಕೆ ಇಬ್ಬರೂ ಒಂದೇ ಮೈಯಾಗಿ ಬರಬೇಕಾಯಿತು. ಆ ದೇವರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಗುಡಿ ಕಟ್ಟಿಸಿದ. ಮದುವೆಯಾದಾಗಿನಿಂದ ಆ ಗುಡಿಗೆ ಹೋಗಿ ಬರುತ್ತಿದ್ದೇನೆ, ಕಥೆ ಮಕ್ಕಳಿಗೆ ಹೇಳಿದ್ದೇನೆ. ನನ್ನ ಕ್ಯಾಬಿನೆಟ್ಟಿನಲ್ಲಿ ಕೂತಿದ್ದ ಅಸುರನಿಗೂ ಅದೇ ವರ ಇರಬಹುದೆಂದು ಹೊಳೆದಿರಲಿಲ್ಲ.

“ಇದಕ್ಕೆ ಬಾಯಿ ಇಲ್ಲೇನು? ಎಲ್ಲಿ ನೋಯುತ್ತೆ ಅಂತ ಹೇಳಕೆ?” ಎಂದರು ಮಾವ.

ಬಾಯಿ ಇತ್ತು, ಹಿಂದೆ. ಕಂಪ್ಯೂಟರ್ ಆನ್ ಆದ ಕೂಡಲೇ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ: ಪ್ರೊಸೆಸರ್ ಇದೆಯೇ, ಮೆಮೊರಿ ಇದೆಯೇ, ಚಿತ್ರ ತೋರಿಸುವ ಸಾಧನ ಇದೆಯೇ. ಪರದೆಯ ಸರದಿ ಬರುವ ಮೊದಲೇ ಎಡವಿದರೆ ಅದನ್ನು ಪರದೆಯ ಮೇಲೆ ಹೇಳಿಕೊಳ್ಳಲು ಸಾಧ್ಯವಿಲ್ಲ. ಅದಕ್ಕೇ 1981ರ ಐಬಿಎಂ ಪಿಸಿಯೊಳಗೆ ಒಂದು ಚಿಕ್ಕ ಸ್ಪೀಕರ್ ಇತ್ತು. ತೊಂದರೆಗೆ ತಕ್ಕ ಹಾಗೆ ಉದ್ದ ಬೀಪು, ಗಿಡ್ಡ ಬೀಪು. ಈಗಿನ ಬೋರ್ಡುಗಳಲ್ಲಿ ಸ್ಪೀಕರ್ ಸಿಕ್ಕಿಸುವ ನಾಲ್ಕು ಪಿನ್ನು ಇರುತ್ತದೆ, ಸ್ಪೀಕರ್ ಕೊಡುವುದಿಲ್ಲ. ಬಣ್ಣದ ದೀಪದ ಫ್ಯಾನುಗಳಿಗೆ ನಾನು ಕೊಟ್ಟ ದುಡ್ಡಿನಲ್ಲಿ ಅಂಥ ಸ್ಪೀಕರುಗಳನ್ನು ಕೊಂಡು ಬೀದಿಗೆಲ್ಲ ಹಂಚಬಹುದಿತ್ತು. ಇದನ್ನು ನಾನು ಸವಿಸ್ತಾರವಾಗಿ ವಿವರಿಸುತ್ತಿದ್ದಾಗಲೇ ಮಗಳು ಎದ್ದು ಹೋಗಿ ಮೂಲೆಯ ಟಿವಿ ರಿಪೇರಿ ಅಂಗಡಿಯಿಂದ ಒಂದು ಹಳೇ ಪಿಸಿ ಸ್ಪೀಕರ್ ತಂದಿದ್ದಳು. ಹೆಬ್ಬೆರಳ ಗಾತ್ರದ್ದು, ಎರಡು ತಂತಿ ಜೋತುಬಿದ್ದದ್ದು.

ಮಾವ ಮೊದಲು ರ‍್ಯಾಮ್ ತೆಗೆಸಿದರು. ನನಗೆ ಸಂಕಟವಾಯಿತು. “ಇಲ್ಲ ಅಂದಾಗ ಇಲ್ಲ ಅಂತ ಹೇಳ್ತೈತೋ ಇಲ್ಲೋ ನೋಡಬೇಕಲ್ಲ” ಅಂದರು. ಆನ್ ಮಾಡಿದರೆ ಒಂದು ಉದ್ದ ಬೀಪ್, ಎರಡು ಗಿಡ್ಡ. ಮಗಳು ಮೊಬೈಲಿನಲ್ಲಿ ಬೋರ್ಡಿನ ಕೈಪಿಡಿ ತೆಗೆದು ಓದಿದಳು: ಮೆಮೊರಿ ಸಿಗುತ್ತಿಲ್ಲ. ಬೋರ್ಡು ಬದುಕಿದೆ, ಸುಳ್ಳನ್ನೂ ಹೇಳುತ್ತಿಲ್ಲ. ಡೈರಿಯಲ್ಲಿ ಬರೆದದ್ದಾಯಿತು. ರ‍್ಯಾಮನ್ನು ಮತ್ತೆ ಸಮನಾಗಿ ಕೂರಿಸಿ, ಅಳೆದು, ಆನ್ ಮಾಡಿದೆವು. ಈ ಸಲ ಒಂದು ಉದ್ದ, ಮೂರು ಗಿಡ್ಡ.

“ಗ್ರಾಫಿಕ್ಸ್ ಸಿಗ್ತಿಲ್ಲ ಅಂತಿದೆ” ಎಂದಳು ಮಗಳು.

“ಹೇಗೆ ಸಿಗಲ್ಲ? ಬೋರ್ಡಿನಲ್ಲೇ ತೂತು ಇದೆಯಲ್ಲ!”

ಮಾವ ಹೊರಗಿನ ಬೀದಿನಲ್ಲಿಯ ಕಡೆ ಬೆರಳು ತೋರಿಸಿದರು. “ಅದಕ್ಕೂ ತೂತೈತೆ, ಅಳಿಯಂದ್ರೆ. ನೀರು ಬಂದು ಎಷ್ಟು ದಿನ ಆತು ಕೇಳ್ರಿ ನಿಮ್ಮತ್ತೇನ.”

ಮಗಳು ಅಷ್ಟರಲ್ಲಿ ಪ್ರೊಸೆಸರಿನ ಖಾಲಿ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದುತ್ತಿದ್ದಳು. ಬೋರ್ಡಿನ ಹಿಂದಿರುವ ಎಚ್‌ಡಿಎಂಐ ತೂತಿಗೆ ಚಿತ್ರ ಬರಬೇಕಾದದ್ದು ಪ್ರೊಸೆಸರಿನೊಳಗೆ ಇರುವ ಗ್ರಾಫಿಕ್ಸಿನಿಂದ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಆ ಭಾಗ ಕೆಲಸ ಮಾಡುವುದಿಲ್ಲ. ಬೆಲೆ ಕಡಿಮೆ ಇರುವುದು ಅದಕ್ಕೇ. ಎಸ್.ಪಿ. ರಸ್ತೆಯ ಹುಡುಗ ಹೇಳಿದ್ದ ವಾಕ್ಯದ ಮೊದಲರ್ಧ ಅಷ್ಟು ದಿನಗಳ ನಂತರ ನನ್ನ ಕಿವಿಗೆ ಬಂದು ತಲುಪಿತು.

ಕಾರ್ಡ್ ಹಾಕಿದೆವು. ತಂತಿಯನ್ನು ಕಾರ್ಡಿಗೇ ಸಿಕ್ಕಿಸಿದೆವು. ಒಂದೇ ಒಂದು ಗಿಡ್ಡ ಬೀಪ್. ಟಿವಿಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಅಡುಗೆಮನೆಯಿಂದ ಅತ್ತೆಯೂ ಬಂದು ನಿಂತರು. ಮಾವ ಟಿವಿಯ ಹತ್ತಿರ ಹೋಗಿ, ಇಂಗ್ಲಿಷನ್ನು ಒಂದೊಂದೇ ಪದ ಕೂಡಿಸಿ ಓದಿ ತಾತ್ಪರ್ಯ ಹೇಳಿದರು: “ಹೊಸ ಸಿಪಿಯು ಹಾಕೀರಿ. ಮುಂದಕ್ಕೆ ಹೋಗಬೇಕಾದ್ರೆ ಎಫ್1 ಒತ್ರಿ ಅಂತೈತೆ. ಒತ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ಕೀಬೋರ್ಡ್ ದಾವಣಗೆರೆಯಲ್ಲಿತ್ತು.

ಮಾವ ಡೈರಿಯ ಕೊನೆಯ ಸಾಲಿನಲ್ಲಿ ಅದನ್ನೂ ಬರೆದುಕೊಂಡರು. ಒಬ್ಬಟ್ಟಿನ ಊಟ ಮಾಡಿಸಿ ಕಳಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಬೇರೆಯವನಿದ್ದ, ಪೂರ್ತಿ ಲಗೇಜ್ ಹಾಕಿದ. ಕ್ಯಾಲೆಂಡರಿನ ಹಿಂದಿನ ಲೆಕ್ಕ ಆ ಬಸ್ ಚಾರ್ಜಿನೊಂದಿಗೆ ಆರು ಸಾವಿರ ದಾಟಿತಂತೆ. ನಾನು ತಾಳೆ ನೋಡಲು ಹೋಗಿಲ್ಲ.

ಈಗ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ, ಮಗಳು ಡ್ರಾಯಿಂಗ್ ಮಾಡುತ್ತಾಳೆ, ಸ್ಕ್ರೂಡ್ರೈವರ್ ಇರುವ ಡ್ರಾಯರಿನ ಬೀಗದ ಕೈ ಅವಳ ಹತ್ತಿರ ಇದೆ. ನನ್ನ ಹಾಗೆ ಉಳಿತಾಯಕ್ಕೆ ಇಳಿಯುವವರಲ್ಲಿ ಒಂದು ವಿನಂತಿ: ಪ್ರೊಸೆಸರಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ, ರ‍್ಯಾಮ್ ಒತ್ತುವಾಗ ಎರಡೂ ತುದಿ ನೋಡಿ, ಒಂದು ಚಿಕ್ಕ ಸ್ಪೀಕರನ್ನು ಮೊದಲೇ ತಂದಿಟ್ಟುಕೊಳ್ಳಿ. ಬೇರೆ ಊರಿಗೆ ಒಯ್ಯುವುದಾದರೆ ಕೀಬೋರ್ಡ್ ಮರೆಯಬೇಡಿ.